ಎರಡು ಸಲ ತಟ್ಟುವ ಕೈ

ಉರಿಗಾಂನ ಕೋದಂಡಪ್ಪ ಲೇಖಕನಾದದ್ದು ಅರವತ್ತೊಂಬತ್ತನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವನು ಚಿನ್ನದ ಗಣಿಯ ದೀಪದ ಕೋಣೆಯಲ್ಲಿದ್ದವನು. ಕಿಟಕಿಯ ಹಿಂದೆ ಕೂತು, ಗಣಿಗಿಳಿಯುವವರಿಂದ ಹಿತ್ತಾಳೆ ಬಿಲ್ಲೆ ಈಸಿಕೊಂಡು ಹಲಗೆಗೆ ತಗುಲಿಹಾಕಿ, ತಲೆಗೆ ಕಟ್ಟುವ ದೀಪ ಕೊಡುವುದು ಅವನ ಕೆಲಸ. ಕಿಟಕಿ ಎಷ್ಟು ತಗ್ಗಿನಲ್ಲಿತ್ತೆಂದರೆ ಮುಖಗಳೇ ಕಾಣುತ್ತಿರಲಿಲ್ಲ, ಬರೀ ಕೈಗಳು. ಗಣಿ ಮುಚ್ಚಿದ ಮೇಲೂ ಆ ಕೈಗಳು ಅವನ ಕನಸಿನಲ್ಲಿ ಒಂದರ ಹಿಂದೊಂದು ತೇಲಿ ಬರುತ್ತಿದ್ದವು, ದೀಪ ಕೇಳುತ್ತಿದ್ದವು. ಕೊನೆಗೆ ಕಾಟ ತಾಳಲಾರದೆ ಎಂಬತ್ತು ಪುಟ ಬರೆದ. ಬಂಗಾರಪೇಟೆಯ ಪ್ರೆಸ್ಸಿನವರೊಬ್ಬರು ಅಚ್ಚು ಹಾಕಿ, ಕೊನೆಯ ಪುಟದಲ್ಲಿ ಅವನ ಫೋನ್ ನಂಬರನ್ನೂ ಹಾಕಿದರು.

ತಗೋ, ಶುರುವಾಯಿತು. ಮುಳಬಾಗಿಲಿನ ಮೇಷ್ಟ್ರೊಬ್ಬರು ಅಚ್ಚಿನ ತಪ್ಪುಗಳ ಪಟ್ಟಿ ಕಳಿಸಿದರು. ಒಳಗೆ ಇನ್ನೂ ಚಿನ್ನ ಉಳಿದಿದ್ದರೆ ಗುಟ್ಟಾಗಿ ತಿಳಿಸಿ ಎಂದರು ಇನ್ನೊಬ್ಬರು. ಮತ್ತೊಬ್ಬರು ಪುಸ್ತಕದ ಸುದ್ದಿಯೇ ಎತ್ತದೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಾರೆ. ಕೋದಂಡಪ್ಪ ಎಲ್ಲರಿಗೂ ಉತ್ತರ ಕೊಡುತ್ತಾನೆ, ಗುಲಾಬಿಗೂ. ಕೊಟ್ಟ ದೀಪವೆಲ್ಲ ವಾಪಸು ಬಂದು ಬಿಲ್ಲೆಯ ಹಲಗೆ ಖಾಲಿಯಾಗುವವರೆಗೆ ಊಟದ ಡಬ್ಬಿ ಬಿಚ್ಚದಿದ್ದ ಆಸಾಮಿ. ಈಗಲೂ ಒಂದು ಮೆಸೇಜು ಬಾಕಿ ಇದ್ದರೆ ಗಂಟಲಲ್ಲಿ ತುತ್ತು ಇಳಿಯದು. "ಇವ್ರುದು ಇನ್ನೂ ಸಿಫ್ಟ್ ಮುಗ್ದಿಲ್ಲ" ಎಂದು ಹೆಂಡತಿ ರಾಧಾಮಣಿ ತಟ್ಟೆ ಮುಚ್ಚಿಡುತ್ತಾಳೆ.

ಅಂಥವನು ಒಂದು ಮೆಸೇಜಿಗೆ ಒಂಬತ್ತು ದಿನ ಉತ್ತರ ಕೊಡಲಿಲ್ಲ. ಬೂದಿಕೋಟೆಯ ಮುನಿಗಂಗಮ್ಮ ಎಂಬಾಕೆ ಮೊಮ್ಮಗಳ ಫೋನಿನಲ್ಲಿ ಮಾತಾಡಿ ಕಳಿಸಿದ್ದು ಅದು.

"ಅಣ್ಣಾ, ಮೊಮ್ಮಗ್ಳು ನಿಮ್ ಪುಸ್ತಕ ಓದಿ ಕೇಳ್ಸಿದ್ಲು. ಅದ್ರಾಗೆ ಎಲ್ಡು ಸಲ ತಟ್ಟೋ ಕೈ ಐತಲ್ಲ, ಅದು ನಮ್ಮೆಜಮಾನ್ರುದೇ. ಅವ್ರು ತೀರ್ಕೊಂಡು ಅದಿನೆಂಟು ವರ್ಸ. ಇದ್ದೊಂದು ಪೋಟೋನೂ ಗೆದ್ಲು ತಿಂತು. ಈಗ ನನ್ನತ್ರ ಇರೋದು ಆ ಕೈ ಒಂದೇ. ಇನ್ನೊಂದೀಟು ತಿಳ್ಸಿ."

ಆ ಕೈಗೆ ಪುಸ್ತಕದಲ್ಲಿ ಚೇಳಿನ ಹಚ್ಚೆಯಿತ್ತು, ಸೊಟ್ಟ ಕಿರುಬೆರಳಿತ್ತು, ದೀಪ ಹಿಡಿಯುವ ಮುಂಚೆ ಕಿಟಕಿಯ ಕಟ್ಟೆಯನ್ನು ಎರಡು ಸಲ ತಟ್ಟುತ್ತಿತ್ತು. ಅಂಥ ಕೈ ಇರಲೇ ಇಲ್ಲ. ಹಚ್ಚೆ ಒಬ್ಬನದು, ಬೆರಳು ಇನ್ನೊಬ್ಬನದು, ತಟ್ಟುವುದು ಮತ್ತೊಬ್ಬನದು. ಬರವಣಿಗೆ ಚೆನ್ನಾಗಿರಲಿ ಎಂದು ಮೂವರನ್ನೂ ಸೇರಿಸಿ ಒಂದು ಮಾಡಿದ್ದ. ನಿಜ ಹೇಳಿದರೆ ಆ ಮುದುಕಿಯ ಕೈಯಲ್ಲಿ ಉಳಿದದ್ದನ್ನೂ ಕಿತ್ತುಕೊಂಡಂತೆ. ಸುಳ್ಳು ಹೇಳಲು ಬಾಯಿ ಬಾರದು.

"ಬರೆಯಕ್ ಆಗ್ದಿದ್ರೆ ಎದ್ರುಗೆ ನಿಂತು ಮಾತಾಡಿ," ಎಂದಳು ರಾಧಾಮಣಿ. "ಒಂಬತ್ ದಿನದಿಂದ ನಿಮ್ ಅನ್ನ ನಾಯಿ ತಿಂತೈತೆ."

ಮರುದಿನ ಬೆಳಿಗ್ಗೆ ರೈಲು ಹತ್ತಿದ. ಮಂಜಿನಲ್ಲಿ ಗಣಿಯ ಮಣ್ಣಿನ ಗುಡ್ಡಗಳು ನೆಲ ಬಿಟ್ಟು ತೇಲುತ್ತಿದ್ದವು. ಮೇಲಿನ ಕಂಬಿ ಹಿಡಿದ ಕೈಗಳನ್ನು ನೋಡುತ್ತಾ ನೋಡುತ್ತಾ ಜೊಂಪು ಹತ್ತಿತು. ಎಲ್ಲರೂ ದೀಪಕ್ಕೇ ನಿಂತಿದ್ದಾರೆ ಅನ್ನಿಸಿತು. ಬಂಗಾರಪೇಟೆಯಲ್ಲಿ ಇಳಿದು ಬೂದಿಕೋಟೆಯ ಬಸ್ಸು ಹಿಡಿಯುವವರೆಗೂ ಆ ಮಂಪರು ಬಿಡಲಿಲ್ಲ.

ಮುನಿಗಂಗಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಜಗಲಿಯ ಮೇಲೆ ಕೂತವನೇ ಕೋದಂಡಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಟ್ಟ.

"ಚೇಳು ಅವ್ರುದಲ್ಲ ಅಂತ ನಂಗೊತ್ತಣ್ಣ," ಎಂದಳು ಮುದುಕಿ ಮೆಲ್ಲಗೆ. "ಕಿರುಬೆಳ್ಳೂ ನೆಟ್ಟಗಿತ್ತು. ಅವೆಲ್ಡೂ ಬಂದಾಗ ಬಿಟ್ ಓದು ಅಂತೀನಿ ಮೊಮ್ಮಗ್ಳಿಗೆ. ತಟ್ಟೋದಿತ್ತಲ್ಲ, ಅದು ಅವ್ರುದು. ದಿನಾ ಬಾಗ್ಲು ತಟ್ಟೇ ಕೆಲ್ಸಕ್ಕೆ ಓಗೋರು, ನಾನು ಇದ್ದಲ್ಲಿಂದ್ಲೇ ಕಳ್ಸಿಕೊಡೋಳು. ಅದೂ ನೀವೇ ಕಟ್ಟಿದ್ದಾ?"

"ಇಲ್ಲ ತಾಯಿ. ಅದು ನಾನೇ ಕೇಳಿದ್ದು."

"ಎಂಗೆ ತಟ್ಟೋರು?"

ಕೋದಂಡಪ್ಪ ಎದ್ದು ಬಾಗಿಲ ಚೌಕಟ್ಟಿನ ಹತ್ತಿರ ಹೋದ. ಕಣ್ಣು ಮುಚ್ಚಿದ. ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದ. ಒಂದು ಉಸಿರಿನಷ್ಟು ತಡೆದು, ಇನ್ನೊಮ್ಮೆ ಮೆತ್ತಗೆ ತಟ್ಟಿದ.

ಮುನಿಗಂಗಮ್ಮ ತಿರುಗಿ ನೋಡಲಿಲ್ಲ. ಹುಲ್ಲು ಹಿಡಿದ ಕೈ ಹಾಗೇ ನಿಂತಿತು.

"ಓಗ್ಬನ್ನಿ," ಎಂದಳು.

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ ತಟ್ಟೆ ಇಟ್ಟಳು. ಕೋದಂಡಪ್ಪ ಎರಡು ಮುದ್ದೆ ಉಂಡ.