ಆರು ತಂತಿಗಳ ಅನುಸೂಯ

ಹಿರಿಯೂರಿನ ಪೇಟೆಯಲ್ಲಿ ಅನುಸೂಯಳ ಕೈಕೆಲಸದ ಬಗ್ಗೆ ಎರಡು ಮಾತಿರಲಿಲ್ಲ. ಸುತ್ತಲಿನ ತೆಂಗಿನ ತೋಟಗಳ ಕೊಳವೆಬಾವಿಗಳಿಂದ ಸುಟ್ಟುಹೋದ ಮೋಟರುಗಳು ಅವಳ ಅಂಗಡಿಗೆ ಬರುತ್ತಿದ್ದವು. ಗಂಡ ಗೊಲ್ಲಪ್ಪ ಊರೂರು ತಿರುಗಿ ಮೋಟರು ಎತ್ತಿಸಿ ಇಳಿಸುವವನು. ಕರಕಲಾದ ಸುರುಳಿಯನ್ನು ಕಿತ್ತು, ಹೊಸ ತಾಮ್ರದ ತಂತಿಯನ್ನು ಎಣಿಸಿ ಸುತ್ತಿ ಕಟ್ಟುವವಳು ಅವಳು. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಸುತ್ತಿದ ಒಂದು ಮೋಟರೂ ಸುತ್ತಿದ ತಪ್ಪಿಗಾಗಿ ಹಿಂದಿರುಗಿರಲಿಲ್ಲ. ಇದನ್ನು ಅವಳು ಹೇಳಿಕೊಂಡು ತಿರುಗುತ್ತಿರಲಿಲ್ಲ. ಬೇರೆಯವರು ಹೇಳಿದಾಗ ಅಲ್ಲಗಳೆಯುತ್ತಲೂ ಇರಲಿಲ್ಲ.

ಅಂಥವಳು ಆ ಭಾನುವಾರ ಮಧ್ಯಾಹ್ನ ಚಿತ್ರದುರ್ಗದ ಸಭಾಂಗಣವೊಂದರ ವೇದಿಕೆಯ ಮೇಲೆ, ಕೊರಳಿಗೆ ಗಿಟಾರು ನೇತುಹಾಕಿಕೊಂಡು, ಹಲ್ಲು ಕಚ್ಚಿ ನಿಂತಿದ್ದಳು. ಅವಳು ದಪ್ಪ ತಂತಿಗಳ ಮೇಲೆ ಕೈಯಿಟ್ಟರೂ ಇಡದಿದ್ದರೂ ವಾದ್ಯದೊಳಗಿಂದ ಜೇನುಗೂಡು ಕೆದಕಿದಂಥ ಗುಂಯ್‌ಗಾಟ ಹೊರಟು ಇಡೀ ಸಭಾಂಗಣವನ್ನು ತುಂಬುತ್ತಿತ್ತು.

ಆ ವಾದ್ಯ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಒಂಬತ್ತು ವರ್ಷಗಳ ಹಿಂದೆ ಪಾಲಯ್ಯನೆಂಬ ಮುದುಕ ಒಂದು ರೆಕಾರ್ಡ್ ಪ್ಲೇಯರಿನ ಸುಟ್ಟ ಮೋಟರನ್ನು ಟವೆಲಿನಲ್ಲಿ ಕಟ್ಟಿಕೊಂಡು ಅವಳಲ್ಲಿಗೆ ಬಂದಿದ್ದ. ಮುಚ್ಚಿಹೋದ ಟಾಕೀಸೊಂದರಲ್ಲಿ ಆಯುಷ್ಯವೆಲ್ಲ ಯಂತ್ರ ನಡೆಸಿದವನು. ಸಿನಿಮಾ ಶುರುವಾಗುವ ಮುನ್ನ ಜನರಿಗೆ ಕೇಳಿಸುತ್ತಿದ್ದ ಗ್ರಾಮಫೋನ್ ತಟ್ಟೆಗಳನ್ನು ಜೋಪಾನ ಮಾಡಿಟ್ಟುಕೊಂಡಿದ್ದ. ಸುತ್ತಿದ ಮೋಟರು ಸರಿಯಾಗಿ ತಿರುಗುತ್ತದೆಯೇ ಎಂದು ನೋಡಲು ಒಂದು ತಟ್ಟೆ ಹಾಕಿದರು. ಅರವತ್ತರ ದಶಕದ ಮೊದಮೊದಲ ವರ್ಷಗಳ ವಿಲಾಯತಿ ರಾಕ್ ಸಂಗೀತ. ಹಾಡುವವರಿಲ್ಲ, ಬರೀ ಗಿಟಾರುಗಳು. ಅವುಗಳ ನಡುವೆ ಒಂದು ದನಿ ಅವಳನ್ನು ಹಿಡಿದು ನಿಲ್ಲಿಸಿತು. ಗಿಟಾರೇ ಹೌದು, ಆದರೆ ಬಾವಿಯ ತಳದಿಂದ ಮಾತಾಡುವ ಗಿಟಾರು. ಒಮ್ಮೆ ಕಲ್ಲಿಗೆ ಕಲ್ಲು ತಾಗಿದಂತೆ ಮೊಟಕಾಗಿ ನುಡಿಯುತ್ತಿತ್ತು, ಇನ್ನೊಮ್ಮೆ ನೀರಿನ ಮೇಲಿನ ಬಿಸಿಲಿನಂತೆ ನಡುಗುತ್ತ ಉದ್ದಕ್ಕೆ ಹರಿಯುತ್ತಿತ್ತು.

"ಇದ್ಯಾವುದು ಪಾಲಯ್ಯಜ್ಜ?"

"ಆರು ತಂತಿ ಬೇಸ್ ಗಿಟಾರಮ್ಮ. ಮಾಮೂಲಿ ಬೇಸಿಗೆ ನಾಕೇ ತಂತಿ. ಇದಕ್ಕೆ ಗಿಟಾರಿನಂಗೆ ಆರು, ಆದ್ರೆ ಒಂದು ಸ್ಥಾಯಿ ಕೆಳಗೆ. ಆಗ ನಾಲ್ಕು ದಿನ ಮೆರೀತು. ಈಗ ಯಾರು ಬಾರಿಸ್ತಾರೆ?"

ಆ ಪ್ರಶ್ನೆಗೆ ಉತ್ತರ ಕೊಡಲು ಅನುಸೂಯಳಿಗೆ ಎರಡು ವರ್ಷ ಹಿಡಿಯಿತು. ಪಾಲಯ್ಯನ ಬಳಿ ಬಿದ್ದಿದ್ದ ಹಳೆಯ ಎಲೆಕ್ಟ್ರಿಕ್ ಗಿಟಾರಿನ ಒಡಲಿಗೆ ಹೊಳಲ್ಕೆರೆಯ ಬಡಗಿಯಿಂದ ಉದ್ದನೆಯ ಹೊಸ ಕತ್ತು ಮಾಡಿಸಿದಳು. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಸುರುಳಿಯನ್ನು, ಕೂದಲಿಗಿಂತ ಸಣ್ಣ ತಂತಿಯಲ್ಲಿ, ಸಾವಿರಾರು ಸುತ್ತು ಎಣಿಸಿ ತಾನೇ ಸುತ್ತಿದಳು. ನುಡಿಸುವುದನ್ನು ತಟ್ಟೆ ಕೇಳಿ ಕಲಿತಳು. ಬಲ ಅಂಗೈಯ ಬುಡವನ್ನು ತಂತಿಗಳ ಮೇಲೆ ಒರಗಿಸಿ ಮೀಟಿದರೆ ಆ ಮೊಟಕು ದನಿ ಬರುತ್ತದೆಂಬುದನ್ನು ಕಂಡುಕೊಂಡ ದಿನ ಒಲೆಯ ಮೇಲಿನ ಸಾರು ಸೀದುಹೋಯಿತು. ಗೊಲ್ಲಪ್ಪ ಅದನ್ನೇ ಉಂಡ. ಮುಂದೆ ಶಾಲಾ ಮೇಷ್ಟ್ರು ಹನುಮೇಶನ ವಾದ್ಯತಂಡದಲ್ಲಿ ಅವಳಿಗೊಂದು ಜಾಗ ಸಿಕ್ಕಿತು.

ಈಗ ಆ ಜಾಗಕ್ಕೇ ಕುತ್ತು ಬಂದಿತ್ತು. ದುರ್ಗದ ಕಲಾಸಂಘವೊಂದು ವಾದ್ಯಗಳಷ್ಟೇ ಇರುವ ಕಾರ್ಯಕ್ರಮವನ್ನು ಇಟ್ಟುಕೊಂಡಿತ್ತು. ಸಂಜೆ ಆರಕ್ಕೆ ಹಿರಿಯೂರಿನ ತಂಡ. ಐದರೊಳಗೆ ಧ್ವನಿಪರೀಕ್ಷೆ ಮುಗಿಯಬೇಕು. ಅಷ್ಟರಲ್ಲಿ ಸರಿಹೋಗದ ವಾದ್ಯ ವೇದಿಕೆಯಿಂದ ಕೆಳಗೆ. ಗಡಿಯಾರ ನಾಲ್ಕು ಇಪ್ಪತ್ತು ತೋರಿಸುತ್ತಿತ್ತು.

"ಅಕ್ಕ, ನಂದ್ರಲ್ಲಿ ಒಂದು ಬಟನ್ ಒತ್ತಿದ್ರೆ ಇದೇ ಬೇಸು ಬರ್ತೈತೆ. ಗುಂಯ್ ಅನ್ನಲ್ಲ, ತಂತಿ ಹರಿಯಲ್ಲ," ಎಂದಳು ಕೀಬೋರ್ಡಿನ ಶಾಲಿನಿ. ಎಡಗೈಯಿಂದ ನಾಲ್ಕು ಕೀ ಒತ್ತಿ ತೋರಿಸಿಯೂ ಬಿಟ್ಟಳು.

"ಬಟನ್ ಒತ್ತೋದಾದ್ರೆ ಲಿಫ್ಟಿನಾಗೆ ಕೆಲಸ ನೋಡ್ಕ ಹೋಗು," ಎಂದಳು ಅನುಸೂಯ.

ಹನುಮೇಶ ನಗಲಿಲ್ಲ. "ಶಾಲಿನಿ, ನಿನ್ ಪಾಡಿಗೆ ನೀನಿರು. ಅನುಸೂಯಕ್ಕ, ನಾನು ನೇರ ಹೇಳ್ತೀನಿ. ಐದರ ತನಕ ನೋಡಾಣ. ಆಗ್ಲಿಲ್ಲ ಅಂದ್ರೆ ಇವತ್ತು ಕೀಬೋರ್ಡೇ. ಇವತ್ತು ನಡೀತು ಅಂದ್ರೆ ನಾಳೆನೂ ಅದೇ ನಡೀತೈತೆ. ನಿಮಗೆ ಗೊತ್ತಿರ್ಲಿ."

ಗೊತ್ತಿಲ್ಲದೆ ಏನು? ಒಮ್ಮೆ ಬಿಟ್ಟುಕೊಟ್ಟ ಜಾಗ ತಿರುಗಿ ಸಿಗುವುದಿಲ್ಲವೆಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಅವಳು ಧ್ವನಿವರ್ಧಕದ ದುರ್ಗೇಶನತ್ತ ತಿರುಗಿದಳು.

"ನಿನ್ನ ಅರ್ಥಿಂಗ್ ಸರಿ ಇಲ್ಲ."

"ಅಕ್ಕ, ಬೆಳಿಗ್ಗೆಯಿಂದ ಮೂರು ತಂಡ ಟೆಸ್ಟ್ ಆಗ್ಯಾವೆ. ಯಾರ್ದೂ ಗುಂಯ್ ಅಂದಿಲ್ಲ."

"ಅವರು ಕಿವಿ ಮನೇಲಿಟ್ಟು ಬಂದಿರಬೇಕು. ಬೋರ್ಡು ಬಿಚ್ಚು. ವೈರು ಬೇರೆ ಕಡೆಯಿಂದ ಎಳಿ."

ದುರ್ಗೇಶ ಬೋರ್ಡು ಬಿಚ್ಚಿದ. ಪರದೆಯ ಹಿಂದಿನಿಂದ ಹೊಸದಾಗಿ ವೈರು ಎಳೆದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬೇರೆ ವೈರು, ಬೇರೆ ಸ್ಪೀಕರ್ ಪೆಟ್ಟಿಗೆ, ಕೊನೆಗೆ ವೇದಿಕೆಯ ದೀಪಗಳನ್ನೂ ಆರಿಸಿ ನೋಡಿದರು. ಗುಂಯ್‌ಗಾಟ ತುಸು ತಗ್ಗಿತೇ ಹೊರತು ನಿಲ್ಲಲಿಲ್ಲ. ನಾಲ್ಕು ನಲವತ್ತಾಯಿತು. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದ ಪಾಲಯ್ಯ ಅವಳ ಬೇಸ್ ಕೇಳಲೆಂದೇ ಬಸ್ಸು ಹತ್ತಿ ಬಂದವನು.

"ಪಿಕಪ್ ಸುಟ್ಟಿರಬೋದಾ?" ಎಂದು ಹನುಮೇಶ ಮೆಲ್ಲಗೆ ಕೇಳಿದ.

"ಅದನ್ನ ಸುತ್ತಿದ್ದು ನಾನು," ಎಂದಳು ಅನುಸೂಯ. ಅಲ್ಲಿಗೆ ಆ ಮಾತು ಮುಗಿಯಿತು.

ದುರ್ಗೇಶ ವೇದಿಕೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಅವಳ ಕೈಗಳನ್ನೇ ದಿಟ್ಟಿಸುತ್ತಿದ್ದ. "ಅಕ್ಕ, ಸಿಟ್ಟಾಗಬ್ಯಾಡ್ರಿ. ಆ ಕೆಳಗಿನ ಸಣ್ಣ ತಂತಿ ಒಂದ್ಸಲ ಮುಟ್ರಿ."

ಮುಟ್ಟಿದಳು. ಸಭಾಂಗಣ ತಟ್ಟನೆ ಮೌನವಾಯಿತು.

"ಈಗ ಅದನ್ನ ಬಿಟ್ಟು ದಪ್ಪದನ್ನ ಹಿಡೀರಿ."

ಹಿಡಿದಳು. ಜೇನು ಮತ್ತೆ ಎದ್ದಿತು.

"ಸಣ್ಣ ಮೂರು ತಂತಿ ಮುಟ್ಟಿದ್ರೆ ನಿಲ್ತೈತೆ. ದಪ್ಪ ಮೂರು ಮುಟ್ಟಿದ್ರೆ ನಿಲ್ಲಲ್ಲ. ಯಾಕೋ ನಂಗೆ ತಿಳೀವಲ್ದು," ಎಂದ ದುರ್ಗೇಶ.

ಅನುಸೂಯ ದಪ್ಪ ತಂತಿಗಳತ್ತ ಬಗ್ಗಿ ನೋಡಿದಳು. ಇಂಥ ಗಿಟಾರಿನಲ್ಲಿ ತಂತಿಗಳು ಕೆಳತುದಿಯ ಉಕ್ಕಿನ ಪಟ್ಟಿಯ ಮೂಲಕ ಅರ್ಥಿಂಗಿಗೆ, ಅಂದರೆ ನೆಲಕ್ಕೆ, ಸಂಪರ್ಕ ಪಡೆದಿರುತ್ತವೆ. ನುಡಿಸುವವರ ಕೈ ತಂತಿಗೆ ತಾಗಿದೊಡನೆ ಅವರ ಮೈ ಹಿಡಿದ ವಿದ್ಯುತ್ತಿನ ಗಲಾಟೆಯೆಲ್ಲ ಆ ದಾರಿಯಲ್ಲಿ ಇಳಿದುಹೋಗಬೇಕು. ಸಣ್ಣ ತಂತಿಗಳಲ್ಲಿ ಇಳಿಯುತ್ತಿತ್ತು, ದಪ್ಪ ತಂತಿಗಳಲ್ಲಿ ಇಳಿಯುತ್ತಿರಲಿಲ್ಲ. ಸಣ್ಣವು ಮೂರೂ ಕೊಂಡು ತಂದವು. ಹಳೆಯ ದಪ್ಪ ತಂತಿಗಳ ಸುತ್ತು ಹಿಂದಿನ ವಾರ ಬಿಚ್ಚಿಕೊಂಡಿತ್ತು. ಅಷ್ಟು ಉದ್ದದವು ಸುತ್ತಮುತ್ತ ಎಲ್ಲೂ ಸಿಗದೆ, ಉಕ್ಕಿನ ಎಳೆಯ ಮೇಲೆ ತಾಮ್ರ ಸುತ್ತಿ, ಮಂಗಳವಾರ ಅವಳೇ ಮಾಡಿ ಬಿಗಿದಿದ್ದಳು.

ಅವಳು ಚೀಲದಿಂದ, ವಿದ್ಯುತ್ತಿನ ಸಂಪರ್ಕ ಸಿಕ್ಕರೆ ಕೂಗುವ ಮೀಟರು ತೆಗೆದಳು. ಒಂದು ಮುಳ್ಳನ್ನು ಉಕ್ಕಿನ ಪಟ್ಟಿಗೆ ಒತ್ತಿ, ಇನ್ನೊಂದನ್ನು ಸಣ್ಣ ತಂತಿಗೆ ತಾಗಿಸಿದಳು. ಮೀಟರು ಕೂಗಿತು. ದಪ್ಪ ತಂತಿಗೆ ತಾಗಿಸಿದಳು. ಕೂಗಲಿಲ್ಲ. ಎರಡನೆಯದು, ಮೂರನೆಯದು, ಇಲ್ಲ.

ಎನಾಮಲ್. ಮೋಟರು ಸುತ್ತುವ ತಾಮ್ರದ ಮೇಲೆ, ಒಂದು ಸುತ್ತು ಇನ್ನೊಂದಕ್ಕೆ ತಾಗಿ ಸುಟ್ಟುಹೋಗದಿರಲೆಂದು, ಗಾಜಿನಂಥ ಎನಾಮಲ್ ಲೇಪವಿರುತ್ತದೆ. ಇಪ್ಪತ್ತೆರಡು ವರ್ಷ ಅವಳ ಬೆರಳುಗಳು ಬೇರೆ ತಾಮ್ರವನ್ನು ಕಂಡಿರಲಿಲ್ಲ. ಗಿಟಾರಿನ ತಂತಿಗೂ ಅದನ್ನೇ ಸುತ್ತಿದ್ದಳು; ಲೇಪ ಕೈಗೂ ಉಕ್ಕಿಗೂ ನಡುವೆ ಗೋಡೆ ಕಟ್ಟಿತ್ತು. ಐದು ದಿನ ಅಭ್ಯಾಸ ಮಾಡಿದವಳಿಗೆ ಅದು ಕೇಳಿಸಿರಲಿಲ್ಲ, ಏಕೆಂದರೆ ಅಭ್ಯಾಸ ನಡೆದದ್ದು ಅಂಗಡಿಯಲ್ಲಿ. ಪರೀಕ್ಷೆಗೆ ಓಡುವ ಮೋಟರುಗಳ ನಡುವೆ ಬೆಳಗಿನಿಂದ ಬೈಗಿನವರೆಗೆ ಗುಂಯ್ ಎನ್ನದ ಗಳಿಗೆಯೇ ಅಲ್ಲಿಲ್ಲ.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಏನೂ ಹೇಳದೆ, ಹಾಳು ಸಭಾಂಗಣವೆಂದು ಶಪಿಸಿ, ಗಿಟಾರನ್ನು ಚೀಲಕ್ಕೆ ಸೇರಿಸಬಹುದಿತ್ತು. ತಪ್ಪು ಎಲ್ಲಿಯದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅವಳ ಕೈಯ ಹೆಸರು ಹಾಗೇ ಉಳಿಯುತ್ತಿತ್ತು, ಜಾಗ ಹೋಗುತ್ತಿತ್ತು. ಆ ಲೆಕ್ಕ ಅವಳ ತಲೆಯಲ್ಲಿ ಪೂರ್ತಿಯಾಗಿ ಹಾದುಹೋಯಿತು. ಗಂಟೆ ನಾಲ್ಕು ಐವತ್ತಾಗಿತ್ತು.

"ದುರ್ಗೇಶ," ಎಂದಳು, ಹಿಂದಿನ ಸಾಲಿಗೂ ಕೇಳುವಂತೆ. "ನಿನ್ನ ವೈರು ಸರಿ ಐತೆ, ಬೋರ್ಡೂ ಸರಿ ಐತೆ. ತಪ್ಪು ನಂದು. ಮೋಟರ್ ವೈರು ಸುತ್ತೀನಿ, ಎನಾಮಲ್ ಕೆರೆದಿಲ್ಲ. ನಿನಗೆ ಸುಮ್ಸುಮ್ನೆ ಅಂದೆ."

ದುರ್ಗೇಶ ಬಿದ್ದಿದ್ದ ವೈರಿನ ಸುರುಳಿ ಎತ್ತಿಕೊಂಡ. "ಇರ್ಲಿ ಬಿಡ್ರಿ ಅಕ್ಕ," ಎಂದ.

ಅವಳು ಆಗಲೇ ನೆಲಕ್ಕೆ ಕುಳಿತು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಚೀಲದಲ್ಲಿದ್ದ ಒರಟು ಎಮರಿ ಕಾಗದವನ್ನು ಕಿರುಬೆರಳಿನಗಲಕ್ಕೆ ಹರಿದು, ಉಕ್ಕಿನ ಪಟ್ಟಿಯಿಂದ ಅಂಗೈ ಒರಗುವ ಜಾಗದವರೆಗೆ, ಮೊದಲ ತಂತಿಯ ಸುತ್ತ ಹೊರಳಿಸಿ ಹೊರಳಿಸಿ ಉಜ್ಜಿದಳು. ಕಂದು ಬಣ್ಣ ಹೋಗಿ ತಾಮ್ರ ಕೆಂಪಗೆ ಬೆಳಗಿತು. ಎರಡನೆಯದು ಮುಗಿಯಿತು. ಮೂರನೆಯದು ಎಲ್ಲಕ್ಕಿಂತ ದಪ್ಪನೆಯದು. ಅದರಲ್ಲಿ ಅವಸರಕ್ಕೆ ಒಂದು ಸುತ್ತು ಸಡಿಲಿ ಎದ್ದು ನಿಂತಿತು. ಹನುಮೇಶ ಹತ್ತಿರ ಬಂದ.

"ನುಡಿಸೋವಾಗ ನಡುವೆ ಹರಿದ್ರೆ?"

"ಹರಿಯೋದು ಮೇಲಿನ ತಾಮ್ರ. ಒಳಗಿನ ಉಕ್ಕಲ್ಲ," ಎನ್ನುತ್ತ ಎದ್ದ ಸುತ್ತನ್ನು ಉಗುರಿನಿಂದ ಒತ್ತಿ ಕೂರಿಸಿದಳು. "ಹರಿದ್ರೂ ನುಡಿಸ್ತೀನಿ. ಗಂಟೆ ಎಷ್ಟು?"

"ಐದಕ್ಕೆ ಎರಡು."

ಎದ್ದು ನಿಂತು ವೈರು ಚುಚ್ಚಿದಳು. ಗುಂಯ್‌ಗಾಟ ಎದ್ದಿತು. ಅಂಗೈಯ ಬುಡವನ್ನು ಕೆರೆದ ತಾಮ್ರದ ಮೇಲೆ ಇಟ್ಟಳು.

ನಿಂತಿತು. ಫ್ಯಾನು ತಿರುಗುವ ಸದ್ದು ಕೇಳಿಸುವಷ್ಟು ನಿಂತಿತು.

ದುರ್ಗೇಶ ಯಂತ್ರದ ಹಿಂದಿನಿಂದ ಕತ್ತು ಉದ್ದ ಮಾಡಿದ. "ಅಕ್ಕ, ನಮ್ಮನೆ ಮಿಕ್ಸಿ ಸುಟ್ಟೈತೆ. ತಂದ್ಕೊಡ್ತೀನಿ. ಅದಕ್ಕೆ ಮಾತ್ರ ಎನಾಮಲ್ ಕೆರೀಬ್ಯಾಡ್ರಿ."

ಪಾಲಯ್ಯ ಕೋಲು ನೆಲಕ್ಕೆ ಬಡಿದು ನಕ್ಕ. ಅನುಸೂಯ ನಗಲಿಲ್ಲ, ಆದರೆ ಬೈಯಲೂ ಇಲ್ಲ. ದಪ್ಪ ತಂತಿಯನ್ನು ಒಮ್ಮೆ ಮೀಟಿದಳು. ಮೊಟಕಾದ, ಗಟ್ಟಿಯಾದ ಒಂದು ಮಂದ್ರ ಸ್ವರ ಖಾಲಿ ಕುರ್ಚಿಗಳ ಮೇಲೆ ಹಾದು ಕೊನೆಯ ಗೋಡೆಯನ್ನು ಮುಟ್ಟಿತು. ಸಡಿಲಿದ ಸುತ್ತು ಬೆರಳಿನಡಿಯಲ್ಲಿ ಸಣ್ಣಗೆ ಅದುರಿತು, ಅವಳೊಬ್ಬಳಿಗೆ ಗೊತ್ತಾಯಿತು.

"ಶಾಲಿನಿ," ಎಂದ ಹನುಮೇಶ, ತನ್ನ ಗಿಟಾರನ್ನು ಸರಿಪಡಿಸಿಕೊಳ್ಳುತ್ತ, "ಎಡಗೈ ತೆಗಿ. ಬೇಸು ಅಕ್ಕಂದು."

ಶಾಲಿನಿ ಎಡಗೈಯನ್ನು ಕೀಗಳಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅನುಸೂಯ ಅವಳತ್ತ ನೋಡದೆ, ವಾದ್ಯ ಶುರುಮಾಡಿಸುವ ಹನುಮೇಶನ ಎಣಿಕೆಗೆ ಕಾದಳು.