ಬೆಂಗ್ರೆಯ ಕೆಸರಿನಲ್ಲಿ ಇನ್ನೂರು ಕಾಂಡ್ಲಾ

“ಎಂತ ಮಾಡಿದ್ದು ಮಕ್ಕಳೇ? ಎಲ್ಲ ತಲೆಕೆಳಗೆ ನೆಟ್ಟಿದ್ದೀರಲ್ಲಾ!”

ಬೆಂಗ್ರೆಯ ಹೊಳೆಬದಿಯಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಐಸಮ್ಮ ಕೂಗಿಕೊಂಡರು. ಎಂಬತ್ತರ ದಶಕದ ಆರಂಭವದು. ಪರಿಸರ ಕಲಿಸುವ ನಮ್ಮ ಪುಟ್ಟ ಕಾಲೇಜಿನ ಹನ್ನೊಂದು ಮಂದಿ ಬೆಳಗ್ಗಿನಿಂದ ಕೆಸರಿನಲ್ಲಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಕೋಲಿನಂಥ ಇನ್ನೂರು ಬೀಜಗಳನ್ನು ಊರಿದ್ದೆವು. ಬೇರು ಬಿಡಬೇಕಾದ ತುದಿ ಆಕಾಶ ನೋಡುತ್ತಿತ್ತು! ಬೋರ್ಡಿನಲ್ಲಿ ಚಿತ್ರ ಬರೆದು ಕಲಿಸಿದ್ದ ಮೇಷ್ಟ್ರು ಊರಿದ್ದೂ ಹಾಗೆಯೇ.

“ನೀರು ಏರ್ತಾ ಉಂಟು, ಬೇಗ ತಿರುಗಿಸಿ!” ಎನ್ನುತ್ತಾ ಐಸಮ್ಮ ಬುಟ್ಟಿ ಬದಿಗಿಟ್ಟು ತಾವೇ ಕೆಸರಿಗಿಳಿದರು. ಕಿತ್ತೆವು, ತಿರುಗಿಸಿದೆವು, ಜಾರಿ ಬಿದ್ದೆವು, ನಕ್ಕೆವು. ಉಬ್ಬರದ ನೀರು ಮೊಣಕಾಲು ಮುಟ್ಟುವಾಗ ಕೊನೆಯದೂ ನೆಟ್ಟಗೆ ನಿಂತಿತ್ತು. ದಡಕ್ಕೇರಿ ಎಲ್ಲರೂ ಬೊಬ್ಬೆ ಹೊಡೆದೆವು!

ಮರುವಾರ ತರಗತಿಯಲ್ಲಿ ಪಾಠ ಮಾಡಿದ್ದು ಐಸಮ್ಮ. ನನ್ನ ಪಕ್ಕ ಬೆಂಚಿನಲ್ಲಿ ಕುಳಿತು ಬರೆದುಕೊಂಡವರು ಮೇಷ್ಟ್ರು.