ಹೊಂಗೆ ಎಲೆಯಡಿಯ ಹುಳ

ಒಂದು ಮಿಲಿಮೀಟರ್ ಉದ್ದದ ಹುಳಕ್ಕಾಗಿ ದೊಡ್ಡಮ್ಮ ಎರಡು ವರ್ಷ ಹಿತ್ತಿಲು ಗುಡಿಸಲಿಲ್ಲ. ಜಡಿಗೇನಹಳ್ಳಿ ಕಡೆಯ ನಮ್ಮೂರಿನಲ್ಲಿ ಹಿತ್ತಿಲು ಗುಡಿಸದ ಹೆಂಗಸನ್ನು ಏನನ್ನುತ್ತಾರೆಂದು ನಾನು ಹೇಳಬೇಕಾಗಿಲ್ಲ. ಕೇಳಿದವರಿಗೆಲ್ಲ, "ನಮ್ ಹುಡುಗಿ ಹುಳ ಸಾಕವ್ಳೆ ಕಣಮ್ಮ, ಎಲೆ ಮುಟ್‌ಬ್ಯಾಡಿ" ಎನ್ನುತ್ತಿದ್ದಳು. ನಲವತ್ತು ದಾಟಿದ ಕಾಲೇಜು ಮೇಡಂ ನಾನು, ಅವಳಿಗೆ ಹುಡುಗಿ. ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರನ್ನು ಹೊಂಗೆ ಮರದ ಬುಡದ ಎಲೆರಾಶಿಗೆ ಚಿಮುಕಿಸುತ್ತಿದ್ದಳು.

ಅದು ರೆಕ್ಕೆಯಿಲ್ಲದ ಸ್ಪ್ರಿಂಗ್‌ಟೇಲ್. ಬಾಲದಡಿ ಕವೆಯೊಂದನ್ನು ಮಡಚಿಟ್ಟುಕೊಂಡಿರುತ್ತದೆ, ಹೆದರಿದರೆ ಅದನ್ನು ನೆಲಕ್ಕೆ ಬಡಿದು ಚಿಮ್ಮುತ್ತದೆ. ಈ ಜಾತಿಯನ್ನು ಅದುವರೆಗೆ ಯಾರೂ ವಿವರಿಸಿ ಹೆಸರಿಟ್ಟಿರಲಿಲ್ಲ. ಮೈಕ್ರೋಸ್ಕೋಪಿನಡಿ ನೋಡಿ ನಾನು ಒಂದು ವಿವರ ಬಿಟ್ಟು ಉಳಿದದ್ದನ್ನೆಲ್ಲ ಬರೆದಾಗಿತ್ತು: ಮೀಸೆಯ ನಾಲ್ಕು ತುಂಡು, ತಲೆಯ ಎರಡೂ ಬದಿಗೆ ಎಂಟೆಂಟು ಕಣ್ಣು, ಹೊಟ್ಟೆಯಡಿಯ ಕೊಳವೆ, ಬೆನ್ನಿನ ರೋಮಗಳ ಸಾಲು. ಆದರೆ ಸಿಕ್ಕವೆಲ್ಲ ಹೆಣ್ಣು. ಈ ಗುಂಪಿನಲ್ಲಿ ಗಂಡಿನ ಮುಂಗಾಲಿಗೆ ಮುಳ್ಳುಗಳ ಸಾಲಿರುತ್ತದೆ. ಅದರ ಚಿತ್ರ ಬರೆಯದೆ ವಿವರಣೆ ಪೂರ್ತಿಯಾಗುವುದಿಲ್ಲ. ಒಂದೇ ಒಂದು ಗಂಡು ಬೇಕಿತ್ತು. ಸುತ್ತಲ ತೋಪುಗಳಲ್ಲೆಲ್ಲ ಮೊಣಕಾಲೂರಿ ಹುಡುಕಿದೆ. ಆ ಹಿತ್ತಿಲು ಬಿಟ್ಟರೆ ಬೇರೆಲ್ಲೂ ಈ ಹುಳವೇ ಇರಲಿಲ್ಲ.

"ಗಂಡು ಸಿಕ್ತೇನೇ?" ಫೋನಿನಲ್ಲಿ ಅವಳ ಮೊದಲ ಮಾತೇ ಅದು.

"ಇಲ್ಲ ದೊಡ್ಡಮ್ಮ."

"ನಿಂಗೂ ಸಿಗ್ಲಿಲ್ಲ, ನಿನ್ ಹುಳಕ್ಕೂ ಸಿಗ್ಲಿಲ್ಲ ಬಿಡು. ಮಳೆ ಬರ್ಲಿ, ಸಿಗ್ತದೆ."

ಮಳೆ ಬರುವ ಹೊತ್ತಿಗೆ ಅವಳೇ ಇರಲಿಲ್ಲ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ.

ತಿಥಿಯ ಹಿಂದಿನ ದಿನ ನಾನು ಒಳಗೆ ಕೂತು, ಕಟ್ಟು ಹಾಕಿಸಲು ಅವಳದೊಂದು ಫೋಟೋ ಹುಡುಕುತ್ತಿದ್ದೆ. ಎಲ್ಲದರಲ್ಲೂ ಯಾರದೋ ಮದುವೆಯ ಗುಂಪಿನಲ್ಲಿ ಅವಳ ಅರ್ಧ ಮುಖ. ಅವಳ ಮಗ, ನನಗೆ ತಮ್ಮ, ಬಾಗಿಲಲ್ಲಿ ನಿಂತು ಕೇಳಿದ: "ಅಕ್ಕ, ಅಡುಗೆಯೋರು ಹಿತ್ಲಲ್ಲಿ ಒಲೆ ಹೂಡ್ಬೇಕಂತೆ. ಎಲೆ ಎಲ್ಲಾ ಗುಡ್ಸಿ ಬೆಂಕಿ ಹಾಕ್ಬಿಡ್ಲಾ?"

"ಹೂಂ" ಅಂದೆ. ತಲೆ ಎತ್ತಲಿಲ್ಲ.

ಹೊಗೆ ಒಳಗೆ ಬಂದಾಗಲೇ ನನಗೆ ಹೊಳೆದದ್ದು. ಓಡಿದೆ. ಮರದ ಬುಡದವರೆಗೂ ಬೂದಿ. ತಮ್ಮ ಪೊರಕೆ ಹಿಡಿದು ನಿಂತಿದ್ದ.

"ನಿನ್ನ ಕೇಳೇ ಹಾಕಿದ್ದಲ್ವಾ ಅಕ್ಕ" ಎಂದ.

ಹೌದು, ಅವನದೇನು ತಪ್ಪು? ಊರಿಗೆಲ್ಲ ಮುಟ್ಟಬೇಡಿ ಎಂದವಳು ಹೋಗಿ ಹತ್ತು ದಿನವಾಗಿತ್ತು, ಅಷ್ಟೆ. ಹೂಂ ಎಂದವಳು ನಾನು. ನನ್ನ ಓದಿಗಿಷ್ಟು ಬೆಂಕಿ ಹಾಕ. ಆ ಬೂದಿಯ ಪಕ್ಕ ಕೂತು ಅತ್ತೆ. ದೊಡ್ಡಮ್ಮನಿಗಾಗಿ ಅಳುತ್ತಿದ್ದಾಳೆಂದು ಎಲ್ಲರೂ ಸಮಾಧಾನ ಮಾಡಿದರು, ಅದೂ ಸುಳ್ಳಲ್ಲ.

ಆಮೇಲೆ ಎರಡು ಮಳೆಗಾಲ ಅಲ್ಲಿಗೆ ಹೋದೆ. ಹೊಸದಾಗಿ ಉದುರಿದ ಎಲೆಯನ್ನು ಬಿಳಿ ತಟ್ಟೆಯ ಮೇಲೆ ಒದರಿ ನೋಡಿದೆ. ಇರುವೆ, ಜೇಡ, ಗೆದ್ದಲು. ಚಿಮ್ಮುವುದು ಒಂದೂ ಇಲ್ಲ.

ಕೊನೆಗೆ ವಿವರಣೆಯನ್ನು ಹಾಗೇ ವಿಜ್ಞಾನ ಪತ್ರಿಕೆಗೆ ಕಳಿಸಿದೆ. ಹುಳಕ್ಕೆ ಅವಳ ಹೆಸರಿಟ್ಟೆ. ಮುಂಗಾಲಿನ ಚಿತ್ರ ಇರಬೇಕಾದ ಕಡೆ "ಗಂಡು: ಗೊತ್ತಿಲ್ಲ" ಎಂದು ಬರೆದೆ. ಯಾಕೆ ಗೊತ್ತಿಲ್ಲ ಎಂದು ಅಂಥ ಲೇಖನಗಳಲ್ಲಿ ಬರೆಯುವ ಪದ್ಧತಿಯಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.